ಆಪಾ ಕಂಡ ಗುರಾಣಿ

ಆಪಾ ಅವರ ಹತ್ತು ಬೆರಳ ತುದಿಗಳೂ ಬಿಸಿನೀರಿನಲ್ಲಿ ಬೆಂದು ಬೆಂದು ಬೆಳ್ಳಗಾಗಿದ್ದವು. ಉಳಿದ ಕೈಯೆಲ್ಲ ಗೋಧಿ ಬಣ್ಣ, ತುದಿಗಳು ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ. ರಾಮನಗರದ ಫಿಲೇಚರಿನಲ್ಲಿ ಇಪ್ಪತ್ತು ವರ್ಷ, ಬಿಸಿನೀರಿನ ಬೇಸಿನ್ನಿನಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆಯ ತುದಿ ಹುಡುಕಿ ನೂಲು ಬಿಚ್ಚಿದವರು ಅವರು. ಕೊನೆಗೆ ಚರ್ಮ ಒಡೆದು ಹುಣ್ಣಾಯಿತು. ಇನ್ನು ಬಿಸಿನೀರಿಗೆ ಕೈ ಇಳಿಸಿದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ನಮ್ಮ ಕಟ್ಟಡದ ಕೆಳಗಿನ ಫೋಟೋ ಸ್ಟುಡಿಯೋಗೆ ಕಸ ಗುಡಿಸುವ ಕೆಲಸಕ್ಕೆ ಬಂದರಂತೆ. ನಾನು ನೋಡುವ ಹೊತ್ತಿಗೆ ಪೊರಕೆ ಬಿಟ್ಟಾಗಿತ್ತು. ಕಂಪ್ಯೂಟರಿನ ಮುಂದೆ ಕೂತು ಮದುವೆ ಆಲ್ಬಂ ಜೋಡಿಸುತ್ತಿದ್ದರು.

ನಾನು ಅದೇ ಕಟ್ಟಡದ ಮೇಲಿನ ಮಹಡಿಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೀಚರು. ಮಾಗಡಿ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಸರ್ಟಿಫಿಕೇಟು ಹೊಸದು, ಜಂಬ ಅದಕ್ಕಿಂತ ಹೊಸದು. ಬಿಡದಿ ಕಡೆ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಕಂಪ್ಯೂಟರು ಕಲಿತರೆ ಗೇಟಿನೊಳಗೆ ನೆರಳಲ್ಲಿ ಕೂರುವ ಕೆಲಸ ಸಿಗುತ್ತದೆಂದು ಹುಡುಗ ಹುಡುಗಿಯರು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅವರಿಗೆಲ್ಲ ನಾನು ಮಿಸ್ಸು. ಆಪಾಗೆ ಮಾತ್ರ ಬೇಟಿ.

ಆಪಾಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು, ಇಂಗ್ಲಿಷ್ ಇಲ್ಲವೇ ಇಲ್ಲ. ಹಾಗಾದರೆ ಕಂಪ್ಯೂಟರಿನಲ್ಲಿ ಏನು ಮಾಡುತ್ತಿದ್ದರು ಎಂದರೆ, ಎಳೆಯುತ್ತಿದ್ದರು. ಮೌಸಿನಿಂದ ಫೋಟೋ ಹಿಡಿದು ಎಳೆದು ತಂದು ಆಲ್ಬಮ್ಮಿನ ಪುಟದ ಮೇಲೆ ಬಿಡುವುದು, ಅಷ್ಟೇ ಅವರ ವಿದ್ಯೆ. ಹೆಸರು ಓದಲಾಗದ್ದಕ್ಕೆ ಫೋಲ್ಡರುಗಳನ್ನು ಪರದೆಯ ಮೇಲೆ ಜಾಗ ನೋಡಿ ಇಟ್ಟುಕೊಂಡಿದ್ದರು. ಹೆಣ್ಣಿನ ಕಡೆಯವರು ಎಡಕ್ಕೆ, ಗಂಡಿನ ಕಡೆಯವರು ಬಲಕ್ಕೆ, ಊಟದ ಪಂಕ್ತಿ ಕೆಳಗಿನ ಮೂಲೆಗೆ. ಯಾವ ಮದುವೆಯ ಆಲ್ಬಂ ಆದರೂ ಕೊನೆಯ ಪುಟದಲ್ಲಿ ಅಡುಗೆಯವರ ಒಂದು ಫೋಟೋ ಇರಲೇಬೇಕು. ಯಾರೂ ಕೇಳಿರುತ್ತಿರಲಿಲ್ಲ, ಆದರೂ ತೆಗೆಯಲು ಬಿಡುತ್ತಿರಲಿಲ್ಲ.

ಕುತೂಹಲ ಎಂದರೆ ಅಂಥ ಕುತೂಹಲವನ್ನು ನಾನು ಕಂಡಿಲ್ಲ. ನನ್ನ ಊಟದ ಡಬ್ಬಿ ತೆರೆಯುವ ಮುಂಚೆ ಅದರಲ್ಲೇನಿದೆ ಎಂದು ಕೇಳಬೇಕು, ಬಸ್ಸು ತಡವಾದರೆ ಯಾಕೆಂದು ಕೇಳಬೇಕು. ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿದ ಫೋಟೋ ಎಲ್ಲಿಗೆ ಹೋಗುತ್ತದೆ ಎಂದು ಒಂದು ವಾರ ನನ್ನ ತಲೆ ತಿಂದಿದ್ದರು. ನಾನು ಏನೋ ಒಂದು ಹೇಳಿ ಜಾರಿಕೊಂಡರೆ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದರು.

ಒಂದು ದಿನ ಸ್ಟುಡಿಯೋ ಯಜಮಾನರು ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆಸಿ ಹೊಸದನ್ನು ಹಾಕಿಕೊಡಲು ನನ್ನನ್ನು ಕರೆದರು. ಹಾಕಿದೆ. ಫೋಲ್ಡರುಗಳೆಲ್ಲ ಒಂದೇ ಸಾಲಿಗೆ ಬಂದು ನಿಂತವು. "ನನ್ ಮನೆ ಸಾಮಾನೆಲ್ಲ ಯಾರೋ ಎತ್ತಿಟ್ಟವ್ರೆ" ಎಂದು ಗೊಣಗುತ್ತಾ ಆಪಾ ಮತ್ತೆ ಜೋಡಿಸಿಕೊಂಡರು. ಆಲ್ಬಂ ಪ್ರೋಗ್ರಾಂ ಮಾತ್ರ ಕೆಲಸವನ್ನು ಉಳಿಸುವಾಗ ಅನುಮತಿ ಇಲ್ಲ ಎಂದು ತಕರಾರು ಮಾಡಿತು. ಅದಕ್ಕೆ ನಾನು ಅದರ ಗುಣಲಕ್ಷಣಗಳ ಪಟ್ಟಿ ತೆರೆದು, ಪೂರ್ತಿ ಅಧಿಕಾರ ಕೊಡುವ ಒಂದು ಚೌಕಕ್ಕೆ ಟಿಕ್ ಹಾಕಿದೆ. ತಕರಾರು ನಿಂತಿತು. ಯಜಮಾನರು ತರಿಸಿಕೊಟ್ಟ ಬಾದಾಮಿ ಹಾಲು ಕುಡಿದು ಮೇಲೆ ಹೋದೆ.

ಮಾರನೆಯ ದಿನ ಆಪಾ ಕರೆದರು. ಫೋಟೋ ಹಿಡಿದು ಎಳೆದರೆ ಬರುತ್ತದೆ, ಆಲ್ಬಮ್ಮಿನ ಮೇಲೆ ಬಂದ ಕೂಡಲೇ ಅಡ್ಡಗೆರೆ ಎಳೆದ ಸೊನ್ನೆಯೊಂದು ಕಾಣಿಸುತ್ತದೆ, ಬಿಟ್ಟರೆ ಬೀಳುವುದಿಲ್ಲ. ನಾನು ಮೌಸು ಬದಲಾಯಿಸಿದೆ. ಎಸ್ಕೇಪ್ ಕೀ ಒತ್ತಿದೆ. ಕಂಪ್ಯೂಟರನ್ನು ನಾಲ್ಕು ಸಲ ಆರಿಸಿ ಹಚ್ಚಿದೆ. ಆಲ್ಬಂ ಪ್ರೋಗ್ರಾಂ ತೆಗೆದು ಮತ್ತೆ ಹಾಕಿ, ಮತ್ತೆ ಅದೇ ಟಿಕ್ ಹಾಕಿದೆ. ಏನೂ ಆಗಲಿಲ್ಲ. ಮೆನುವಿನಿಂದ ಹಾಕಿ ಎಂದರೆ ಅಲ್ಲಿ ಬರುವುದು ಇಂಗ್ಲಿಷ್ ಅಕ್ಷರದ ಹೆಸರುಗಳ ಪಟ್ಟಿ, ಮುಖಗಳಲ್ಲ. ಆರುನೂರು ಹೆಸರುಗಳಲ್ಲಿ ಮದುಮಗಳ ಸೋದರತ್ತೆ ಯಾರೆಂದು ಆಪಾ ಹೇಗೆ ತಿಳಿದಾರು.

ಯಜಮಾನರು ಬಂದು "ಏನಾಯ್ತು ಮಿಸ್ಸು?" ಎಂದರು. ಆಗ ನಾನು ಆಡಿದ ಮಾತು ಇವತ್ತಿಗೂ ನನಗೆ ಮುಳ್ಳು. ಆಪಾ ಟೀ ತರಲು ಹೋಗಿದ್ದರು. "ಸಿಸ್ಟಂ ಸರಿಯಾಗಿದೆ ಸರ್. ಅವರ ಬೆರಳಲ್ಲಿ ಸ್ಪರ್ಶ ಕಮ್ಮಿ ಅಲ್ವಾ, ಮೌಸನ್ನ ಸರಿಯಾಗಿ ಒತ್ತಿ ಹಿಡಿಯೋಕೆ ಆಗ್ತಿಲ್ಲ ಅನ್ಸುತ್ತೆ" ಎಂದುಬಿಟ್ಟೆ. ನನ್ನ ಕೈಯಲ್ಲೂ ಫೋಟೋ ಬಿದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು, ಯಜಮಾನರಿಗೆ ಗೊತ್ತಿರಲಿಲ್ಲ.

ಯಜಮಾನರು ಕೆಟ್ಟವರಲ್ಲ. ತಲೆ ಕೆರೆದುಕೊಂಡು, "ಹಂಗಾರೆ ಇಂಗ್ಲಿಷ್ ಬರೋ ಒಂದು ಹುಡ್ಗೀನ ನೀವೇ ನೋಡಿ ಕಳ್ಸಿ. ಆಯಮ್ಮಂಗೆ ನಾನೇ ಹೇಳ್ತೀನಿ, ಸೋಮವಾರ" ಎಂದರು. ಸೋಮವಾರಕ್ಕೆ ಮೂರು ದಿನ ಇತ್ತು. ಫಿಲೇಚರಿಗೆ ಆಪಾ ಮರಳಿ ಹೋಗುವಂತಿರಲಿಲ್ಲ, ಗಾರ್ಮೆಂಟ್ಸಿನವರು ಆ ವಯಸ್ಸಿನವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿದ್ದೇ ಮೆಟ್ಟಿಲು ಹತ್ತಿದೆ.

ಶನಿವಾರ ಮಧ್ಯಾಹ್ನ ಆಪಾ ನಮ್ಮ ಕ್ಲಾಸಿನ ಬಾಗಿಲಿಗೇ ಬಂದರು. ಸೋಮವಾರದ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ. ಮುಖದಲ್ಲಿ ಚಿಂತೆಯೇ ಇರಲಿಲ್ಲ, ಮಗುವಿಗೆ ಹೊಸ ಆಟಿಕೆ ಸಿಕ್ಕಿದ ಹಾಗಿತ್ತು.

"ಒಸಿ ಬಾ ಬೇಟಿ. ಎಳೆ ಎಲ್ಲಿ ಕಡ್ದೈತೆ ಅಂತ ನೋಡ್ದೆ."

ಕೆಳಗೆ ಕೂರಿಸಿ ಒಂದೊಂದಾಗಿ ತೋರಿಸಿದರು. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಎಳೆದರು, ಹೋಯಿತು. ಪರದೆಯ ಮೇಲೆ ಎಳೆದರು, ಬಿತ್ತು. ಆಲ್ಬಮ್ಮಿನೊಳಗೇ ಒಂದು ಪುಟದ ಫೋಟೋವನ್ನು ಇನ್ನೊಂದು ಪುಟಕ್ಕೆ ಎಳೆದರು, ಅದೂ ಹೋಯಿತು.

"ನೋಡು, ಫೋಟೋ ಸರಿಯಾಗೈತೆ. ಮೌಸು ಸರಿಯಾಗೈತೆ. ನನ್ ಕೈನೂ ಸರಿಯಾಗೈತೆ. ಹೊರಗಿಂದ ಒಳಕ್ಕೆ ಹೋಗೋವಾಗ ಮಾತ್ರ ತಡೀತದೆ. ಬಾಗಿಲಲ್ಲಿ ಯಾರೋ ನಿಂತವ್ರೆ."

ಕೈ ಸರಿಯಾಗಿದೆ ಎಂದಾಗ ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಅವರು ಆಲ್ಬಂ ಪ್ರೋಗ್ರಾಮಿನ ಚಿತ್ರದ ಮೂಲೆಗೆ ಬೆರಳಿಟ್ಟರು. ಅಲ್ಲಿ ಉಗುರಿನಷ್ಟು ಚಿಕ್ಕದಾದ, ಬಣ್ಣಬಣ್ಣದ ಗುರಾಣಿಯೊಂದಿತ್ತು. "ಇದು ಹಳೇದ್ರಲ್ಲಿ ಇರ್ಲಿಲ್ಲ. ಬೇರೆ ಯಾವ್ದಕ್ಕೂ ಇಲ್ಲ, ಎಲ್ಲಾ ನೋಡ್ದೆ. ಇದನ್ನ ತೆಗೆಯೋವಾಗ ಮಾತ್ರ ಪರದೆ ಕತ್ಲಾಗ್ತದೆ, ಏನೋ ಕೇಳ್ತದೆ. ನೀನು ಓದ್ದೇನೇ ಒತ್ತ್‌ಬುಡ್ತೀಯ, ನೋಡಿದೀನಿ. ಏನ್ ಕೇಳ್ತದೆ ಅದು? ಈ ಗುರಾಣಿ ಯಾರ್ ಇಟ್ರು?"

ಓದಲು ಬರುವ ನಾನು ಆ ಚಿತ್ರವನ್ನು ಒಂದು ಸಲವೂ ನೋಡಿರಲಿಲ್ಲ.

"ನಾನೇ ಆಪಾ" ಎಂದೆ.

ಪೂರ್ತಿ ಅಧಿಕಾರ ಕೊಟ್ಟಿದ್ದ ಆ ಟಿಕ್ ತೆಗೆದೆ. ಗುರಾಣಿ ಹೋಯಿತು. ಆಪಾ ಒಂದು ಫೋಟೋ ಹಿಡಿದು ಎಳೆದರು. ಪುಟದ ಮೇಲೆ ಬಂದು ಕೂತಿತು. ಉಳಿಸುವ ತಕರಾರು ಮತ್ತೆ ಬಂತು. ಅದಕ್ಕೆ ಆಲ್ಬಮ್ಮುಗಳನ್ನು ಬೇರೊಂದು ಜಾಗದಲ್ಲಿ ಉಳಿಸುವ ಹಾಗೆ ಮಾಡಿದೆ. ಮೊದಲ ದಿನವೇ ಇಷ್ಟು ಮಾಡಿದ್ದರೆ ಸಾಕಾಗಿತ್ತು, ಹತ್ತು ನಿಮಿಷದ ಕೆಲಸ. ಟಿಕ್ ತೆಗೆದದ್ದಕ್ಕೆ ಯಾಕೆ ಸರಿಯಾಯಿತು ಎಂದು ಅವರು ಬಿಡದೆ ಕೇಳಿದಾಗ, ಮೇಲೆ ಹೋಗಿ ಇಂಟರ್ನೆಟ್ಟಿನಲ್ಲಿ ಹುಡುಕಿ ಬಂದು ಹೇಳಿದೆ. ದೊಡ್ಡ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಮಿಗೆ ಸಾಧಾರಣ ಕಿಟಕಿಗಳಿಂದ ಏನನ್ನೂ ಎಳೆದು ಹಾಕಲು ಹೊಸ ಸಿಸ್ಟಂ ಬಿಡುವುದಿಲ್ಲವಂತೆ, ಯಾವುದಾದರೂ ಕಳ್ಳ ಪ್ರೋಗ್ರಾಂ ಹಾಗೆ ನುಸುಳಬಾರದೆಂದು.

ಆಪಾ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಂದ್ರೆ ಅಧಿಕಾರ ಕೊಟ್ಟಿದ್ದೇ ತಡ, ನಮ್ ಕೈಯಿಂದ ಏನೂ ತಗೊಳಲ್ಲ ಅಂತದೆ. ನಮ್ ಫಿಲೇಚರ್ ಮೇಸ್ತ್ರಿ ಹಂಗೇ."

ನನಗೆ ನಗು ಬರಲಿಲ್ಲ. ಯಜಮಾನರು ಒಳಗಿನ ಕೋಣೆಯಲ್ಲಿದ್ದರು. ನನ್ನ ತಪ್ಪನ್ನು ಆಪಾ ಎದುರೇ ಹೇಳದಿದ್ದರೆ ಹೇಳಿದ ಹಾಗಲ್ಲ ಎಂದು ಯಾಕೋ ಅನಿಸಿತು. ಯಜಮಾನರನ್ನು ಹೊರಗೆ ಕರೆದು, "ಸರ್, ತಪ್ಪು ನಾನು ಹಾಕಿದ ಸೆಟ್ಟಿಂಗಿನದು. ಆಪಾ ಬೆರಳಿನ ಬಗ್ಗೆ ನಾನು ಹೇಳಿದ್ದು ಸುಳ್ಳು. ನನ್ನ ಕೈಲೂ ಆಗಿರಲಿಲ್ಲ. ಕಂಡುಹಿಡಿದಿದ್ದು ಅವರು" ಎಂದೆ. ಯಜಮಾನರು ನನ್ನನ್ನೂ ಆಪಾರನ್ನೂ ನೋಡಿ, "ಸರಿ ಬುಡಿ, ಸೋಮವಾರ ಏನೂ ಇಲ್ಲ" ಎಂದು ಒಳಗೆ ಹೋದರು. ಆ ಒಂದು ಮಾತಿಗೇ ಆಪಾಗೆ ಎಲ್ಲ ಅರ್ಥವಾಯಿತು. ಅವರು ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ನಾನು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದೆ.

ಅವರು, "ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲ ಬೇಟಿ. ಇಬ್ರೂ ಕೂತು ಹುಡುಕ್ತಿದ್ವಿ" ಎಂದರು.

ಹತ್ತು ದಿನ ನನ್ನನ್ನು ಏನೂ ಕೇಳಲಿಲ್ಲ, ನನ್ನ ಡಬ್ಬಿಯಲ್ಲಿ ಏನಿದೆ ಎಂದು ಸಹ. ಆ ಹತ್ತು ದಿನದಂಥ ಶಿಕ್ಷೆ ನನಗೆ ಇನ್ನಾರೂ ಕೊಟ್ಟಿಲ್ಲ. ಹನ್ನೊಂದನೆಯ ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ, ಫ್ಯಾಕ್ಟರಿ ವ್ಯಾನುಗಳಿಗೆಲ್ಲ ಯಾಕೆ ಬಿಳಿ ಬಣ್ಣ ಬಳಿದಿರುತ್ತಾರೆ ಎಂದು ಕೇಳಿದರು. "ಗೊತ್ತಿಲ್ಲ ಆಪಾ" ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ನಾನು ಮದುವೆಯಾಗಿ ಕನಕಪುರಕ್ಕೆ ಹೋದೆ. ಅವರು ತೀರಿಕೊಂಡ ಸುದ್ದಿ ತಿಳಿದದ್ದು ಎಷ್ಟೋ ದಿನದ ಮೇಲೆ. ಮನೆ ಹುಡುಕಿಕೊಂಡು ಹೋದಾಗ ಅವರ ಮಗಳು ಚಾಪೆ ಹಾಸಿ ಕೂರಿಸಿದಳು. ಹೆಸರು ಹೇಳಿದ್ದಕ್ಕೆ ಗುರುತು ಸಿಗಲಿಲ್ಲ, ಸ್ಟುಡಿಯೋ ಮೇಲಿನ ಟೀಚರು ಎಂದಾಗ ಅವಳ ಮುಖ ಅರಳಿತು.

"ನೀವೇನಾ ಆ ಮಿಸ್ಸು? ಅಮ್ಮಿ ಎಲ್ರಿಗೂ ಹೇಳೋರು. ಆ ಹುಡುಗಿ ಯಜಮಾನ್ರ ಎದುರಿಗೆ ನನ್ನ ಪರವಾಗಿ ನಿಂತು ನನ್ ಕೆಲಸ ಉಳಿಸಿದ್ಲು ಅಂತ."

ಆ ಕೆಲಸ ಹೋಗುವ ಹಾಗೆ ಮಾಡಿದ್ದು ಯಾರು ಎಂಬುದನ್ನು ಆಪಾ ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ನಾನು ಚಾಪೆಯ ಮೇಲೆ ಸರಿಯಾಗಿ ಕೂತು, ಮೊದಲಿನಿಂದ ಎಲ್ಲವನ್ನೂ ಅವಳಿಗೆ ಹೇಳಿದೆ.