ಕೆಟ್ಟು ನಿಂತ ಬಸ್ಸಿನ ಮಾಲೀಕರು

ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ ನಮ್ಮ ಚಿಕ್ಕಪ್ಪನಿಗೂ ದೊಡ್ಡ ಮನುಷ್ಯರಾಗುವ ಮನಸ್ಸಾಯಿತು. ಹನೂರಿನ ಹೊಲವನ್ನು ಗುತ್ತಿಗೆಗೆ ಕೊಟ್ಟು, ಸೇಲಂ ಕಡೆಯಿಂದ ಒಂದು ಹಳೇ ಬಸ್ಸು ತಂದರು. ಅದು ಹಿಂದೆ ಏನೇನಾಗಿತ್ತೋ ಗೊತ್ತಿಲ್ಲ. ಬಸ್ಸಾಗಿ ಬಾಳುವ ಉತ್ಸಾಹವಂತೂ ಅದಕ್ಕಿರಲಿಲ್ಲ.

ರಾಮಾಪುರದ ಶಾಲೆಗೆ ಮೇಷ್ಟ್ರಾಗಿ ಸೇರಿದ್ದ ನಾನು ಪ್ರತಿ ಸೋಮವಾರ ಕೊಳ್ಳೇಗಾಲದಲ್ಲಿ ಅದನ್ನೇ ಹತ್ತಬೇಕಿತ್ತು. ಅಣ್ಣನ ಮಗನೆಂದು ಟಿಕೆಟ್ಟಿನಲ್ಲಿ ವಿನಾಯಿತಿ ಇರಲಿಲ್ಲ, ತಳ್ಳುವುದರಲ್ಲೂ ಇರಲಿಲ್ಲ. ಹನೂರು ಮುಟ್ಟಿದ್ದೇ ತಡ, ಸರಿಯಾಗಿ ಚಿಕ್ಕಪ್ಪನ ಮನೆ ಮುಂದೆ ಎಂಜಿನ್ ಪ್ರಾಣ ಬಿಡುತ್ತಿತ್ತು. ಅದು ತಣ್ಣಗಾಗುವವರೆಗೆ ಪ್ರಯಾಣಿಕರು ಜಗಲಿಯ ಮೇಲೆ ಕೂತು ಮಾಲೀಕರ ವಂಶವನ್ನೆಲ್ಲ ನೆನೆಯುತ್ತಿದ್ದರು.

ಆ ಬಯ್ಗುಳ ಕೇಳಲಾರದೆ ಚಿಕ್ಕಮ್ಮ ಮೊದಲು ನೀರು ಕೊಟ್ಟರು. ಆಮೇಲೆ ಮಜ್ಜಿಗೆ. ಸ್ವಲ್ಪ ದಿನಕ್ಕೆ ಇಡ್ಲಿ, ಕಾಯಿಚಟ್ನಿ, ಅದೂ ಕಾಸಿಗೆ. ಚಿಕ್ಕಪ್ಪನ ಮಾನ ಹೋಯಿತು.

“ಮೋಟಾರ್ ಮಾಲೀಕನ ಹೆಂಡ್ತಿ ಇಡ್ಲಿ ಮಾರೋದಾ? ಜನ ಏನಂದಾರು?”

“ಜನ ಈಗ್ಲೇ ಅಂತಾವ್ರೆ. ಬಾಯಲ್ಲಿ ಇಡ್ಲಿ ಇದ್ರೆ ವಸಿ ಕಮ್ಮಿ ಅಂತಾರೆ,” ಎಂದು ಚಿಕ್ಕಮ್ಮ ಒಲೆ ಮುಂದೆ ಕೂತರು.

ಒಮ್ಮೆ ಯಾರೋ ಮೆಕ್ಯಾನಿಕ್ ತಿಳಿಯದೆ ಎಂಜಿನ್ನನ್ನು ನಿಜವಾಗಿಯೂ ಸರಿಮಾಡಿಬಿಟ್ಟ. ಬಸ್ಸು ಹನೂರಿನಲ್ಲಿ ನಿಂತ ಹಾಗೆ ಮಾಡಿ ಹೊರಟೇಬಿಟ್ಟಿತು. ಬಂಡಳ್ಳಿಯ ಗೌಡರೊಬ್ಬರು ಕಂಬಿ ಹಿಡಿದು ಎದ್ದರು.

“ಯಾಕ್ಲಾ, ಇವತ್ತು ಕೆಡಲ್ವಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣ್ಲಾ.”

“ಕೆಡ್ತದೆ ತಡೀರಿ ಗೌಡ್ರೇ,” ಎಂದು ಡ್ರೈವರ್ ಎಂಜಿನ್ ಆರಿಸಿದ. ಅವನಿಗೂ ಹಸಿವಾಗಿತ್ತು.

ಕೊನೆಗೆ ಬಸ್ಸು ಗುಜರಿಗೆ ಹೋಯಿತು, ಇಡ್ಲಿ ಉಳಿಯಿತು. ಜಗಲಿ ಹೋಟೆಲಾಯಿತು. ಎಪ್ಪತ್ತರ ಹೊತ್ತಿಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ಇನ್ನೊಂದು ಹೋಟೆಲು ಎದ್ದಿತು. ಆಗ ಊರಿನ ವರ್ತಕರು ಸೇರಿ ಚಿಕ್ಕಪ್ಪನಿಗೆ ಸನ್ಮಾನ ಮಾಡಿದರು. ಅವರ ದೂರದೃಷ್ಟಿಯನ್ನು ಒಬ್ಬರಾದ ಮೇಲೊಬ್ಬರು ಹೊಗಳಿದರು. ಚಿಕ್ಕಪ್ಪ ಕಣ್ಣು ಒದ್ದೆ ಮಾಡಿಕೊಂಡು, “ಒಬ್ಬನೇ ನಿಂತು ಇಷ್ಟೆಲ್ಲ ಕಟ್ಟಿದೆ,” ಎಂದರು. ನಿಂತಿದ್ದು ಬಸ್ಸು ಎಂದು ಯಾರೂ ತಿದ್ದಲಿಲ್ಲ.

ಚಿಕ್ಕಮ್ಮ ಹಿಂದುಗಡೆ ಸಭಿಕರಿಗೆ ಉಪ್ಪಿಟ್ಟು ಹಂಚಿಸುತ್ತಿದ್ದರು.

“ನಿಂಗೆ ಕ್ವಾಪ ಬರಲ್ವಾ ಚಿಕ್ಕವ್ವ?” ಎಂದು ಕೇಳಿದೆ.

“ಅದ್ಕೆಲ್ಲಪ್ಪ ಪುರ್ಸೊತ್ತು? ನಾಳಿದ್ದು ಯಳಂದೂರಲ್ಲಿ ಹೊಸ ಓಟ್ಲು ಒಲೆ ಹಚ್ಬೇಕು. ಇವ್ರು ಮಾತು ಮುಗ್ಸುದ್ರೆ ಓಗೋದೆ.”

ಯಳಂದೂರಿನ ಹೋಟೆಲಿನ ಗಲ್ಲಾದಲ್ಲಿ ಚಿಕ್ಕಮ್ಮನೇ ಕೂತರು. ಚಿಕ್ಕಪ್ಪನಿಗೆ ಸನ್ಮಾನದ ಶಾಲು ಹೊದಿಸಿ, ಬಾಗಿಲ ಪಕ್ಕದ ಮೇಜಿನ ಮುಂದೆ ಕೂರಿಸಿದರು. ತಾಲ್ಲೂಕು ಕಚೇರಿಗೆ ಬಂದವರು ಅವರ ಹೋರಾಟದ ಕಥೆ ಕೇಳುತ್ತ ಇನ್ನೊಂದು ಕಾಫಿ ತರಿಸುತ್ತಿದ್ದರು. ಕಥೆಯಲ್ಲಿ ಕಷ್ಟದ ದಿನಗಳು ಬೇಗ ಮುಗಿಯುವಂತೆ ಕಂಡರೆ ಚಿಕ್ಕಮ್ಮ ಗಲ್ಲಾದಿಂದಲೇ, “ವಸಿ ಬುಡುಸಿ ಯೋಳಿ, ಈಗ ತಾನೆ ಬಂದವ್ರೆ,” ಎನ್ನುತ್ತಿದ್ದರು.