ಬ್ಲೋವರ್ ಮಾಡಿದವನಿಗೆ ಡಬ್ಬಿಯ ಮೇಲೆ ಜಾಗವಿಲ್ಲ

ಶಿವಾಜಿನಗರದ ಸಂದಿಯೊಂದರಲ್ಲಿ ಬೆಳಗಿನ ನಮಾಜು ಮುಗಿಸಿ ಮನೆಗೆ ಬರುವ ಗಯಾಜ್ ಮೊದಲು ಮಾಡುವ ಕೆಲಸವೆಂದರೆ ಫ್ಯಾನ್ ಆರಿಸುವುದು. ಸೆಕೆಗೆ ಎಚ್ಚರವಾದ ಹೆಂಡತಿ ಶಕೀಲಾ ಗೊಣಗುತ್ತಾರೆ. ಗೊಣಗಲಿ, ಬೇರೆ ದಾರಿಯಿಲ್ಲ. ಗಾಳಿ ಬೀಸಿದರೆ ಕಿಟಕಿ ಪಕ್ಕದ ಹಲಗೆಯ ಮೇಲೆ ಬಿಡಿಬಿಡಿಯಾಗಿ ಹರಡಿರುವ ಎಂಜಿನ್ ಹಾರಿಹೋಗುತ್ತದೆ.

ಹೌದು, ಎಂಜಿನ್ನೇ. ನೇರ ರಸ್ತೆಯಲ್ಲಿ ಎರಡು ಕಾರು ಅಕ್ಕಪಕ್ಕ ನಿಂತು, ಕಣ್ಣು ಮಿಟುಕಿಸುವುದರೊಳಗೆ ಓಡಿ ಮುಗಿಸುತ್ತವಲ್ಲ, ಆ ಡ್ರ್ಯಾಗ್ ಕಾರಿನದು. ಅಸಲಿಗಿಂತ ಇಪ್ಪತ್ನಾಲ್ಕು ಪಟ್ಟು ಚಿಕ್ಕದು, ಇಡೀ ಕಾರು ಒಂದು ಅಡಿ ಸ್ಕೇಲಿನಷ್ಟು ಉದ್ದ. ಬೋಲ್ಟುಗಳು ರವೆಯ ಕಾಳಿನಷ್ಟು. ಎಂಜಿನ್ನಿನೊಳಗೆ ಗಾಳಿ ತುಂಬುವ ಬ್ಲೋವರ್ ಒಂದು ಬಾದಾಮಿಯಷ್ಟು. ಇವುಗಳಲ್ಲಿ ಒಂದೂ ಅಂಗಡಿಯಲ್ಲಿ ಸಿಕ್ಕಿದ್ದಲ್ಲ. ಮೇಲಕ್ಕೆ ಬಾಗಿದ ಹೊಗೆ ಪೈಪುಗಳು ಬೆಸುಗೆ ಹಾಕುವ ಸೀಸದ ತಂತಿಯವು. ಪ್ಲಗ್ ವೈರುಗಳು ಕೆಟ್ಟುಹೋದ ಇಯರ್‌ಫೋನಿನ ಹೊಟ್ಟೆ ಸೀಳಿ ತೆಗೆದವು. ಪೆಟ್ರೋಲ್ ಪೈಪಿಗೆ ಇಂಜೆಕ್ಷನ್ ಸೂಜಿ.

"ಬೆಳಕು ನೆಟ್ಟಗೆ ಬೀಳೋದು ಎಂಟು ಗಂಟೆ ತನಕ ಅಷ್ಟೇ ಸಾರ್. ಆಮೇಲೆ ಎದುರುಗಡೆ ಬಿಲ್ಡಿಂಗ್ ನೆರಳು ಬಂದ್ಬಿಡ್ತದೆ. ಗಾಡಿಗಳು ಶುರು ಆಯ್ತು ಅಂದ್ರೆ ಹಲಗೆನೂ ನಡುಗ್ತದೆ," ಎನ್ನುತ್ತಾರೆ ಗಯಾಜ್. ಹೀಗೆ ಮಾತಾಡುವಾಗಲೂ ತಲೆ ಎತ್ತುವುದಿಲ್ಲ. ಒಂದು ಬ್ಲೋವರಿಗೆ ಹತ್ತು ಬೆಳಗುಗಳಾದರೂ ಬೇಕು. ಅಲ್ಯೂಮಿನಿಯಂ ತುಂಡಿಗೆ ಅರದಿಂದ ಗೀರುಗೀರಾಗಿ ಪಟ್ಟಿ ಕೊರೆಯಬೇಕು, ಉಸಿರು ಬಿಗಿಹಿಡಿದು.

ಈಗ ಐವತ್ತೆರಡು ದಾಟಿರುವ ಈ ಮನುಷ್ಯ ಮೊದಲು ದೊಡ್ಡ ಎಂಜಿನ್ನುಗಳದೇ ಮೇಸ್ತ್ರಿ. ಇದೇ ಶಿವಾಜಿನಗರದ ಗ್ಯಾರೇಜಿನಲ್ಲಿ ರೇಸಿನ ಹುಚ್ಚಿನ ಹುಡುಗರ ಕಾರುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸುತ್ತಿದ್ದವರು. ಒಂದು ದಿನ ಜ್ಯಾಕ್ ಜಾರಿ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಮರಳಲಿಲ್ಲ. ಇವತ್ತಿಗೂ ತುಂಬಿದ ಕೊಡ ಎತ್ತಲಾಗದು. ಗ್ಯಾರೇಜಿನ ಧಣಿ ನಾಲ್ಕು ದಿನ ಅಯ್ಯೋ ಪಾಪ ಎಂದರು, ಐದನೆಯ ದಿನ ಬೇರೆಯವರನ್ನು ಇಟ್ಟುಕೊಂಡರು. ಹಳೆಯ ಗಿರಾಕಿಯೊಬ್ಬರು ತಮ್ಮ ಷೋಕೇಸಿನ ಮುರಿದ ಮಾದರಿ ಕಾರನ್ನು ತಂದುಕೊಟ್ಟಾಗ, ಭಾರ ಎತ್ತಲಾಗದ ಕೈಗೆ ಹಗುರದ ಕೆಲಸ ಒಗ್ಗುತ್ತದೆಂದು ಗೊತ್ತಾಯಿತು. ಆ ಕೆಲಸ ನೋಡಿ ಇಂದಿರಾನಗರದ ಅಂಗಡಿಯೊಂದು ಕರೆಯಿತು. ಮಾದರಿ ಕಾರುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಪುಟ್ಟ ದೀಪ ಹಚ್ಚಿ ಮಾರುವ ಜಾಗ.

ಕಥೆ ಇಲ್ಲಿಗೇ ಮುಗಿದಿದ್ದರೆ ಒಂದು ಭೇಷ್ ಹೇಳಿ ಸುಮ್ಮನಾಗಬಹುದಿತ್ತು. ಮುಗಿಯಲಿಲ್ಲ.

ಅಂಗಡಿಯ ಮಾಲೀಕ ಹೋದ ವರ್ಷ ಫೋಟೊಗೆಂದು ಒಂದು ಬ್ಲೋವರ್ ಕೇಳಿದ. ಆಗ ಗಯಾಜ್ ಹತ್ತಿರ ಇದ್ದದ್ದು ತಿರಸ್ಕರಿಸಿ ಪಕ್ಕಕ್ಕಿಟ್ಟ ಒಂದೇ ಪೀಸು. ಕೊರೆಯುವಾಗ ಅರ ಜಾರಿ ಅದರ ಒಂದು ಪಟ್ಟಿಯ ಮೇಲೆ ಅಡ್ಡಗೀರು ಬಿದ್ದಿತ್ತು. ಇದು ಕೆಟ್ಟ ಮಾಲು, ಗೀರು ಕಾಣದ ಹಾಗೆ ಫೋಟೊ ತೆಗೆದುಕೊಂಡು ವಾಪಸ್ ಕೊಡಿ ಎಂದು ಹೇಳಿಯೇ ಕೊಟ್ಟರು. ವಾಪಸ್ ಬರಲಿಲ್ಲ. ಇವರೂ ಮರೆತರು.

ಆಮೇಲೊಂದು ಬೆಳಿಗ್ಗೆ ದತ್ತು ಬಂದ. ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ರಬ್ಬರ್ ಅಚ್ಚಿಗೆ ರಾಳದ ದ್ರವ ಹುಯ್ದು ನಕಲು ಪೀಸು ತೆಗೆಯುವ ಕೆಲಸ ಅವನದು. ಸೇಡಂ ಕಡೆಯವನು, ಜೋಗುಪಾಳ್ಯದಲ್ಲಿ ಬಾಡಿಗೆ ಕೋಣೆ, ಎರಡು ಮಕ್ಕಳ ತಂದೆ. ಮನಸ್ಸಿನಲ್ಲಿ ಕಪಟವಿಲ್ಲದ ಆಸಾಮಿ. ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಹೆಮ್ಮೆಯಿಂದಲೇ ಚಾಚಿದ.

"ಭಾಯ್, ನೋಡ್ರಿ ಇಲ್ಲಿ. ನಿಮ್ಮ ಪೀಸ್ ಎಷ್ಟ್ ಛಂದ ಬಂದದ! ದಿನಾ ಹುಯ್ಯಾಕತ್ತೀವಿ, ಸಾಲ್ತಾನೇ ಇಲ್ಲ."

ಗಯಾಜ್ ಡಬ್ಬಿ ಬಿಚ್ಚಿ ನೋಡಿದರು. ಬೂದು ಬಣ್ಣದ ಬ್ಲೋವರ್. ಅದರ ಮೇಲೆ ಅದೇ ಅಡ್ಡಗೀರು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ, ನಮ್ಮ ನುರಿತ ಕಲಾವಿದರ ತಂಡದ ಕೈಚಳಕ ಎಂದು ಅಚ್ಚಾಗಿತ್ತು.

"ಯಾವ ತಂಡ ಸಾರ್? ಯಾರು ತಂಡ?" ಇದನ್ನು ನಮಗೆ ಹೇಳುವಾಗ ಗಯಾಜ್ ಕೊನೆಗೂ ತಲೆ ಎತ್ತುತ್ತಾರೆ. ಕಣ್ಣು ಕೆಂಪಾಗಿದೆ. "ಈ ಕಿಟಕಿ, ಈ ಹಲಗೆ, ನಾನು. ಇದೇ ತಂಡ. ಕದಿಯೋದೇ ಆದ್ರೆ ಒಳ್ಳೇ ಪೀಸ್ ಕದೀಬೇಕಿತ್ತಲ್ಲ! ನನ್ನ ತಪ್ಪನ್ನ ತಗೊಂಡೋಗಿ ಊರೆಲ್ಲಾ ಹಂಚವ್ನೆ ಆ ಮಾಲೀಕ. ನೋಡಿದೋರು ಏನಂತಾರೆ? ಮಾಡಿದೋನ್ಗೆ ಕೈ ಸರಿ ಇಲ್ಲ ಅಂತಾರೆ."

ಫೋನು ಮಾಡಿ ಕೇಳಿದಾಗ ಮಾಲೀಕ ನಕ್ಕನಂತೆ. ಇಷ್ಟು ಸಣ್ಣ ವಿಷಯಕ್ಕೆ ಬೇಜಾರಾ ಭಾಯ್, ನಾವೆಲ್ಲ ಒಂದೇ ಕುಟುಂಬ ಎಂದನಂತೆ. ಹೇಳದೆ ಕೇಳದೆ ಇನ್ನೊಬ್ಬರ ದುಡಿಮೆಗೆ ಅಚ್ಚು ತೆಗೆಯುವುದಕ್ಕೆ ಕನ್ನಡದಲ್ಲಿ ಒಂದು ಸರಳ ಪದವಿದೆ, ಕಳ್ಳತನ. ಹವಾನಿಯಂತ್ರಿತ ಕೋಣೆಯಲ್ಲಿ, ದೀಪದ ಕೆಳಗೆ ನಡೆದರೆ ಅದು ಕುಟುಂಬವಾಗಿಬಿಡುತ್ತದೆಯೇ? ಈ ಕುಟುಂಬದ ಡಬ್ಬಿಯ ಮೇಲೆ ಅಂಗಡಿಯ ಹೆಸರಿದೆ, ಚಿಹ್ನೆಯಿದೆ, ಮಕ್ಕಳ ಕೈಗೆ ಕೊಡಬೇಡಿ ಎಂಬ ಎಚ್ಚರಿಕೆಯಿದೆ. ಮಾಡಿದವನ ಹೆಸರಿಗೆ ಮಾತ್ರ ಜಾಗವಿಲ್ಲ.

ಅಂಗಡಿಗೆ ಈಗ ಇನ್ನೊಂದು ಇಡೀ ಕಾರು ಬೇಕಾಗಿದೆ. ದೊಡ್ಡ ಪ್ರದರ್ಶನವೊಂದು ಹತ್ತಿರ ಬರುತ್ತಿದೆ. ಅಚ್ಚಿನ ಗಲಾಟೆಗೆ ಮೊದಲೇ ಒಪ್ಪಿಕೊಂಡ ಕೆಲಸವಾದ್ದರಿಂದ ಗಯಾಜ್ ಮುಗಿಸಿದ್ದಾರೆ. ಈ ಸಲ ಒಂದು ಗೀರೂ ಇಲ್ಲ. ಕೊಡುವುದೋ ಬಿಡುವುದೋ ಎಂಬುದೇ ಪ್ರಶ್ನೆ. ಕೊಟ್ಟರೆ ಇದಕ್ಕೂ ಅಚ್ಚು ತಪ್ಪಿದ್ದಲ್ಲ. ಕೊಡದಿದ್ದರೆ ಇಂಥ ಕೆಲಸ ಕೊಳ್ಳುವ ಬೇರೆ ಅಂಗಡಿ ಅವರಿಗೆ ಗೊತ್ತಿಲ್ಲ. ಗ್ಯಾರೇಜಿಗೆ ಮರಳಲು ಮಣಿಕಟ್ಟು ಬಿಡುವುದಿಲ್ಲ.

ಈ ಭಾನುವಾರ ಬೆಳಿಗ್ಗೆ ಕಾರು ಒಯ್ಯಲು ದತ್ತು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಅಚ್ಚು ತೆಗೆದದ್ದು ಗಯಾಜ್‌ಗೆ ಹೇಳದೆ ಎಂದು ತಿಳಿದ ಮೇಲೆ ಅವನಿಗೂ ಮುಖ ಎತ್ತಲು ನಾಚಿಕೆ.

"ನಾ ಏನ್ ಮಾಡ್ಲಿ ಭಾಯ್, ಕಳಿಸ್ಯಾರ, ಬಂದೀನಿ. ಸಾಹೇಬ್ರಿಗೆ ಏನಂತ ಹೇಳ್ಲಿ?"

"ನಿನ್ನ ಮೇಲೆ ಸಿಟ್ಟಿಲ್ಲಪ್ಪ. ಗಯಾಜ್ ಅಂತ ಡಬ್ಬಿ ಮೇಲೆ ಪ್ರಿಂಟ್ ಹಾಕ್ಸಿ ತಗೊಂಬಾ, ಆಮೇಲೆ ಕಾರು. ಅಲ್ಲೀತಂಕ ಈ ಮನೆಯಿಂದ ಒಂದು ಬೋಲ್ಟೂ ಆಚೆ ಹೋಗಲ್ಲ. ನಾನು ಮಾಡಿದ್ದು ನಾನು ಮಾಡಿದ್ದೇ!"

ಗಯಾಜ್ ಹಲಗೆಯ ಮೇಲೆ ಅಂಗೈ ಬಡಿದ ರಭಸಕ್ಕೆ ಕಾರು ಕುಪ್ಪಳಿಸುತ್ತದೆ. ಗೋಡೆಗೆ ಒರಗಿ ಕೂತ ಶಕೀಲಾ ತಲೆ ಎತ್ತುತ್ತಾರೆ. ಓಟ ಮುಗಿಸಿದ ಡ್ರ್ಯಾಗ್ ಕಾರನ್ನು ತಡೆದು ನಿಲ್ಲಿಸಲು ಹಿಂಬದಿಯಲ್ಲಿ ಬಿಚ್ಚಿಕೊಳ್ಳುವ ಪ್ಯಾರಾಚೂಟ್ ಇರುತ್ತದಲ್ಲ, ಹಳೆಯ ದುಪಟ್ಟಾದ ತುಂಡಿನಿಂದ ಮಾಡಿದ ಅದರ ಬೆರಳಗಲದ ಚೀಲಕ್ಕೆ ಕೊನೆಯ ಹೊಲಿಗೆ ಹಾಕುತ್ತಿದ್ದಾರೆ. ಗಯಾಜ್ ಮಾಡಿದ ಪ್ರತಿ ಕಾರಿಗೂ ಅದನ್ನು ಹೊಲಿದವರು ಶಕೀಲಾ.

"ಮತ್ತೆ ಇದು?" ಸೂಜಿ ಚುಚ್ಚಿದ ಚೀಲವನ್ನು ಮುಂದೆ ಹಿಡಿದು ಕೇಳುತ್ತಾರೆ. "ಇದೂ ನೀವೇ ಮಾಡಿದ್ದಾ?"

ದತ್ತು ತನ್ನ ಚಪ್ಪಲಿ ನೋಡಿಕೊಳ್ಳುತ್ತಾನೆ. ಗಯಾಜ್ ಹೆಂಡತಿಯನ್ನು ನೋಡುತ್ತಾರೆ, ಆ ಚೀಲವನ್ನು ನೋಡುತ್ತಾರೆ. ಇಷ್ಟು ಹೊತ್ತು ಉಕ್ಕುತ್ತಿದ್ದ ಸಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಕತ್ತು ಒರೆಸಿಕೊಳ್ಳುತ್ತಾರೆ.

"ದತ್ತು," ಎನ್ನುತ್ತಾರೆ ಕೊನೆಗೆ, ತಗ್ಗಿದ ದನಿಯಲ್ಲಿ. "ಒಂದು ಹೆಸರಲ್ಲ, ಎರಡು ಅಂತ ಹೇಳು. ಶಕೀಲಾ ಅಂತ ಮೊದಲು ಹಾಕ್ಲಿ."