ತಾಯಿ ಕಡೆಯ ಜೀನು

ನನ್ನ ಮಗಳು ಹುಟ್ಟಿದಾಗ ಅಳಲಿಲ್ಲ. ಮೈಯೆಲ್ಲ ಮೆತ್ತಗೆ, ಮೊಲೆ ಬಾಯಿಗಿಟ್ಟರೆ ಚೀಪಲೂ ಬಲವಿಲ್ಲ. ಅರಳೆ ಬತ್ತಿಯಿಂದ ಹಾಲು ಹಿಂಡಿ ಬದುಕಿಸಿದೆ. ಓಡಾಡುವ ವಯಸ್ಸಿಗೆ ಬಂದ ಮೇಲೆ ಅದೇ ಕೂಸಿಗೆ ತೀರದ ಹಸಿವು ಹತ್ತಿತು. ಬುಟ್ಟಿಯ ರೊಟ್ಟಿ ಮುಗಿದರೆ ಹಸಿ ಹಿಟ್ಟು ಮುಕ್ಕುತ್ತಿದ್ದಳು. ಒಂದು ದಿನ ಮುನವಳ್ಳಿಯ ಗಂಡನ ಮನೆಯ ಹಿತ್ತಲಲ್ಲಿ ಎಮ್ಮೆಗೆ ನೆನೆಹಾಕಿದ್ದ ಹಿಂಡಿಯನ್ನು ಎರಡೂ ಕೈಯಿಂದ ತಿನ್ನುತ್ತಿದ್ದಳು.

ಅತ್ತೆ ನಿಂತು ನೋಡಿದಳು. "ನಿನ್ನ ತವರಿನ ರಕ್ತ, ಸಂಪಗಾಂವದ್ದು. ನಿಮ್ಮ ಮನಿತನಾನ ಹೊಟ್ಟಿಬಾಕರದು" ಎಂದಳು.

ಬೆಳಗಾವಿಯಲ್ಲಿ ರಕ್ತಪರೀಕ್ಷೆ ಆಯಿತು. ವೈದ್ಯೆ ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು ಹೇಳಿದರು. "ಜೀನು ಜೋಡಿಯಾಗಿ ಬರತಾವ್ರಿ, ಅವ್ವಂದೊಂದು, ಅಪ್ಪಂದೊಂದು. ಈ ಒಂದು ಜಾಗಾದಾಗ ಅವ್ವಂದು ಮುಚ್ಚೇ ಇರತೈತಿ. ನನ್ನೊಳಗೂ ಹಂಗ, ನಿಮ್ಮೊಳಗೂ ಹಂಗ. ಅಪ್ಪಂದ ಕೆಲಸಾ ಮಾಡಬೇಕು. ನಿಮ್ಮ ಮಗಳೊಳಗ ಅಪ್ಪನ ಕಡಿ ತುಂಡ ಕಳದ ಹೋಗೇತಿ. ಅದಕ್ಕ ಹಸಿವು ತೀರಂಗಿಲ್ಲ. ಯಾರ ತಪ್ಪೂ ಅಲ್ಲ."

"ಹಂಗಾರ ನಂದು ಐತೇನ್ರಿ? ಅದನ್ನ ಎಬ್ಬಸಾಕ ಬರಂಗಿಲ್ಲೇನ್ರಿ?" ಎಂದು ನಾನು ಕೇಳಿದೆ.

ತಾಯಿಯ ಅಂಡಾಣುವಿನಲ್ಲೇ ಅದರ ಮೇಲೆ ಮುಚ್ಚಿಡುವ ಗುರುತು ಬಿದ್ದಿರುತ್ತದೆ ಎಂದರು. ಒಂದು ಕೋಶ ಎರಡಾಗುವಾಗ ಜೀನಿನ ಜೊತೆ ಆ ಗುರುತೂ ನಕಲಾಗುತ್ತದೆ. ಹೊಟ್ಟೆಯಲ್ಲಿ ಕೂಸು ಬೆಳೆದಂತೆಲ್ಲ ಕೋಶಗಳು ನೆನಪಿಟ್ಟುಕೊಂಡು ಮುಚ್ಚಿಯೇ ಇಡುತ್ತವೆ. "ಅದನ್ನ ತಗಿಯೋ ಔಷಧ ನಮ್ಮ ಕಡಿ ಇಲ್ರಿ. ಅಡಗಿಮನಿಗೆ ಕೀಲಿ ಹಾಕ್ರಿ. ಇಲ್ಲಾಂದ್ರ ತಿಂದ ತಿಂದ ಸಾಯತಾಳ."

ಮನೆಗೆ ಬಂದು ಗಂಡ ಕಾಲು ತೊಳೆಯುತ್ತಿದ್ದಾಗ ಅತ್ತೆ ಕೇಳಿದಳು, "ಏನಂದ್ರು?"

"ಇಕಿ ಕಡಿ ಜೀನು ಮುಚ್ಚಿಕೊಂಡೈತಂತ."

ಕಳೆದುಹೋದ ತನ್ನ ಕಡೆಯ ತುಂಡಿನ ಮಾತು ಎತ್ತಲಿಲ್ಲ. ನಾನು ಅವನ ಮುಖವನ್ನೇ ನೋಡಿದೆ. ಅವನು ಟವೆಲ್ಲು ತೆಗೆದುಕೊಂಡು ಒಳಗೆ ಹೋದ.

"ಇದ್ದೂ ಕೊಡಲಿಲ್ಲೇನ, ಹಡದ ಮಗಳಿಗೆ?" ಎಂದಳು ಅತ್ತೆ.

ಉಳಿದರ್ಧ ನಾನು ಹೇಳಿದೆ. ಅವಳು ನಕ್ಕಳು. "ನನ್ನ ಮಗಗ ಏನ ಕಮ್ಮಿ ಐತಿ? ನೋಡ ಅವನ್ನ."

ಆ ವರ್ಷದ ಸುಗ್ಗಿ ಮುಗಿದ ಮೇಲೆ ಅವನಿಗೆ ಬೇರೆ ಹೆಣ್ಣು ತಂದರು. ಅವಳ ಗಂಡುಮಗು ಗಟ್ಟಿಯಾಗಿ ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ತವರಿನವರೂ ನನ್ನನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಮದುವೆಗಿದ್ದ ತಂಗಿಯರಿಗೆ ವರ ಬರುವುದು ನಿಂತಿತ್ತು.

ಈಗ ಬೈಲಹೊಂಗಲದಲ್ಲಿ ಬಾಡಿಗೆ ಮನೆ. ಬ್ಲೌಸು ಹೊಲಿಯುತ್ತೇನೆ. ಮಗಳು ನನಗಿಂತ ದಪ್ಪಗಿದ್ದಾಳೆ, ನನ್ನಷ್ಟು ಎತ್ತರ ಬರಲಿಲ್ಲ. ಊಟದ ಹೊತ್ತಿನಲ್ಲಿ ಅಳೆದು ಬಡಿಸುತ್ತೇನೆ. ಉಳಿದ ಹೊತ್ತು ಅವಳು ಅಡುಗೆಮನೆಯ ಬಾಗಿಲಿಗೆ ತಲೆ ಚಚ್ಚುತ್ತಾಳೆ. ಅದು ಓಣಿಗೆಲ್ಲ ಕೇಳುತ್ತದೆ.

ಹೋದ ಹೋಳಿ ಹುಣ್ಣಿಮೆಗೆ ಪಕ್ಕದ ಮನೆಯಾಕೆ ಕಿಟಕಿಯಿಂದ ಹೋಳಿಗೆಯ ಗಂಟು ಒಳಗೆ ಹಾಕಿದ್ದಳು. ನಾನು ನೋಡುವಷ್ಟರಲ್ಲಿ ಮಗಳು ಅಗಿಯದೆ ನುಂಗುತ್ತಿದ್ದಳು, ಉಸಿರು ಕಟ್ಟಿ ಕಣ್ಣು ಮೇಲೆ ಹೋಗಿತ್ತು. ಬಾಯಿಗೆ ಬೆರಳು ಹಾಕಿ ಎಳೆದೆ. ಮೂಳೆಗೆ ತಾಗುವಂತೆ ಕಚ್ಚಿದಳು.

ಕಿಟಕಿಯಲ್ಲಿ ಆಕೆ ಇನ್ನೂ ನಿಂತಿದ್ದಳು. "ನೀ ಹಡದಾಕಿ ಹೌದೇನ?" ಎಂದಳು.

ಬೆರಳಿಗೆ ಅರಿವೆ ಸುತ್ತಿಕೊಂಡೆ. ಮರುದಿನ ಕಿಟಕಿಗೆ ತಗಡು ಹೊಡೆಸಿದೆ.